ಹತ್ತರಲ್ಲಿ ಮೂರು

ಜುವಾಕಿಂ ಅವರ ಅಂತ್ಯಕ್ರಿಯೆಯ ದಿನ ದುಬೈನ ಕರಾಮದ ಮಂಗಳೂರಿಗರ ಮುಂದೆ ಎದ್ದುನಿಂತ ಅತಿ ಗಂಭೀರ ಪ್ರಶ್ನೆಯೆಂದರೆ, ವಿಧವೆಯ ಹ್ಯಾಂಡ್‌ಬ್ಯಾಗನ್ನು ಯಾರು ಹಿಡಿದುಕೊಳ್ಳಬೇಕು ಎಂಬುದು.

“ಕೊಡಿ ವೆರೋನಿಕಾಬಾಯಿ, ನಾನು ಹಿಡ್ಕೊಳ್ತೇನೆ,” ಎಂದು ಪ್ರಾರ್ಥನಾ ಕೂಟದ ಮುಖ್ಯಸ್ಥೆ ಒಲಿಂಡಾ ಒಂದು ಹಿಡಿಕೆಯನ್ನು ಎಳೆಯುತ್ತಿದ್ದರು. ಇನ್ನೊಂದು ಹಿಡಿಕೆ ವೆರೋನಿಕಾ ಅವರ ಮೊಣಕೈಯಲ್ಲಿ ಸಿಕ್ಕಿಕೊಂಡಿತ್ತು. ತೆರೆದ ಪೆಟ್ಟಿಗೆಯಲ್ಲಿ ನೀಲಿ ಟೈ ಕಟ್ಟಿಕೊಂಡು ಮಲಗಿದ್ದ ಜುವಾಕಿಂ ಈ ವಿವಾದದಲ್ಲಿ ಯಾರ ಪಕ್ಷವನ್ನೂ ವಹಿಸಲಿಲ್ಲ.

“ಬೇಡ.”

“ಬಗ್ಗಿ ಮುತ್ತು ಕೊಡುವಾಗ ಬ್ಯಾಗ್ ಅವರ ಎದೆ ಮೇಲೆ ಬೀಳ್ತದೆ, ನೋಡಿ.”

“ಬಿದ್ರೆ ಬೀಳ್ಲಿ. ಅವರೆಂತ ಹೇಳುದಿಲ್ಲ.”

ಬ್ಯಾಗ್ ಬಿತ್ತು. ಟೈಯ ಮೇಲೆಯೇ ಬಿತ್ತು. ಒಳಗಿನಿಂದ ಗಾಜಿನ ಸದ್ದು ಬಂತು. ಸೋನಾಪುರದ ಶವಾಗಾರದ ಆ ಹಾಲಿನಲ್ಲಿ ಎರಡೆರಡು ಗಂಟೆ ಪರ್ಮಿಷನ್ ಹಾಕಿ ಬಂದಿದ್ದ ನಲವತ್ತು ಮಂದಿ ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡು, ಕೇಳದವರ ಹಾಗೆ ನಿಂತರು. ವೇಲಾಂಕಣಿಯ ತೀರ್ಥ ಎಂದು ಒಬ್ಬರು ಪಿಸುಗುಟ್ಟಿದರು. ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರಬೇಕಾದರೆ ಒಡವೆಯೇ ಎಂದು ಇನ್ನೊಬ್ಬರು. ಒಡವೆ ಗಾಜಿನದ್ದಾಗಿರುವುದಿಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಬ್ಯಾಗಿನಲ್ಲಿ ಇದ್ದದ್ದು ಕಂದು ಬಣ್ಣದ ಒಂದು ಬಾಟಲಿ. ಅದರಲ್ಲಿ ಕಾಲು ಭಾಗ ಮಾರ್ಫಿನ್ ಸಿರಪ್ಪು ಉಳಿದಿತ್ತು. “ನಾನು ಹೋದ್ಮೇಲೆ ಅತ್ತು ಎಲ್ಲ ಆದ್ಮೇಲೆ ಕೊಡುವ ಅಂತ ಇಟ್ಕೊಳ್ಬೇಡ ವೆರಾ. ಮಣ್ಣಾದ ದಿನವೇ ಫಾರ್ಮಸಿಗೆ ವಾಪಸ್ ಕೊಟ್ಟು ಸೈನ್ ತಗೊ. ಇಲ್ಲದಿದ್ರೆ ಅದು ನಿನ್ನ ಹೆಸರಲ್ಲಿ ನಿಲ್ತದೆ,” ಎಂದು ಜುವಾಕಿಂ ಹೇಳಿ ಹೋಗಿದ್ದರು. ಅವರು ಹೆಂಡತಿಗೆ ಇನ್ನೊಂದು ಕೆಲಸವನ್ನೂ ಒಪ್ಪಿಸಿದ್ದರು. ಅದು ಬ್ಯಾಗಿನಲ್ಲಿ ಹಿಡಿಸುವಂಥದ್ದಲ್ಲ. ಬಾಗಿಲ ಬಳಿ, ಗೋಡೆಗೆ ಒರಗಿ ನಿಂತಿದ್ದ ಎದುರುಮನೆಯ ಪ್ರಫುಲ್ಲಾ ಅವರಿಗೆ ಒಂದು ಮಾತು ಹೇಳುವ ಕೆಲಸ.

*

ಜುವಾಕಿಂ ಇಪ್ಪತ್ತೊಂಬತ್ತು ವರ್ಷ ನೈಫ್ ಬಡಾವಣೆಯ ಒಂದು ಟೈಪಿಂಗ್ ಸೆಂಟರಿನಲ್ಲಿ ಕೂತು ಬೇರೆಯವರ ವೀಸಾ ಅರ್ಜಿಗಳನ್ನು ತುಂಬಿಸಿದರು. ಹುಟ್ಟು, ಮದುವೆ, ಕೆಲಸ ಸಿಕ್ಕಿದ್ದು, ಕೆಲಸ ಹೋದದ್ದು, ಸಾವು ಎಲ್ಲವೂ ಒಂದೇ ಅಳತೆಯ ಖಾನೆಗಳಲ್ಲಿ ಹಿಡಿಸುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಮನುಷ್ಯ ಹಾಳಾಗುವುದು ಕೇಳಿದ್ದಕ್ಕಿಂತ ಹೆಚ್ಚು ಬರೆಯುವುದರಿಂದ ಎಂಬುದು ಅವರ ನಂಬಿಕೆ. “ನೀವು ಇಲ್ಲಿ ಒಂದು ಸಾಲು ಜಾಸ್ತಿ ಬರೆದ್ರಿ ಅಂತ ಇಟ್ಕೊಳ್ಳಿ,” ಎಂದು ಹೊಸಬರಿಗೆ ಹೇಳುತ್ತಿದ್ದರು, “ಆ ಸಾಲಿಗೇ ಇನ್ನೊಂದು ಫಾರ್ಮ್ ಬರ್ತದೆ. ಯಲ್ಲಾ, ನಡೀರಿ, ಖಾಲಿ ಬಿಡಿ.”

ಹೊಸಬರಿಗೆ ಅವರು ಕೊಡುತ್ತಿದ್ದ ಎರಡನೆಯ ಉಪದೇಶ ಗಸಗಸೆಯದು. ಊರಿನಿಂದ ಬರುವಾಗ ಏನು ಬೇಕಾದರೂ ತನ್ನಿ, ಗಸಗಸೆ ಮಾತ್ರ ತರಬೇಡಿ; ಇಲ್ಲಿ ಅದು ಅಫೀಮಿನ ಲೆಕ್ಕ. ತೊಂಬತ್ತಮೂರರಲ್ಲಿ ವೆರೋನಿಕಾ ಮೊದಲ ಸಲ ದುಬೈಗೆ ಬಂದಾಗ, ಅವರ ತಾಯಿ ಕೋಳಿಸಾರಿಗೆಂದು ಕೊಟ್ಟ ಪೊಟ್ಟಣದಲ್ಲಿ ಎರಡು ಚಮಚ ಗಸಗಸೆ ಇತ್ತು. ಜುವಾಕಿಂ ಅದನ್ನು ಪಾಯಿಖಾನೆಗೆ ಸುರಿದು ಮೂರು ಸಲ ಫ್ಲಶ್ ಮಾಡಿದರು. ಆಮೇಲೆ ಪೊಟ್ಟಣದ ಕಾಗದವನ್ನೂ ತೊಳೆದರು. ಆ ದಿನ ಕೋಳಿಸಾರು ತೆಳ್ಳಗಾಗಿತ್ತು ಎಂಬುದನ್ನು ವೆರೋನಿಕಾ ಇಪ್ಪತ್ತಮೂರು ವರ್ಷವಾದರೂ ಮರೆತಿರಲಿಲ್ಲ.

ಎರಡು ಸಾವಿರದ ಹದಿನಾರರ ಜನವರಿಯಲ್ಲಿ ಜುವಾಕಿಂ ಅವರ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಪ್ಯಾನ್‌ಕ್ರಿಯಾಸ್ ಎಂದರು. ಕೊಯ್ದು ತೆಗೆಯುವ ಹಂತ ದಾಟಿದೆ ಎಂದರು. ಆಗ ಅವರಿಗೆ ಅರವತ್ತೊಂದು; ಅರವತ್ತು ದಾಟಿದ್ದರಿಂದ ವೀಸಾ ವರ್ಷವರ್ಷಕ್ಕೆ ನವೀಕರಣ. ಮುಂದಿನದು ಆಗಸ್ಟಿನಲ್ಲಿತ್ತು. ಗಡ್ಡೆಯ ವಿಷಯ ಕೇಳಿದ ಮೇಲೆ ಅವರು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, ಇದು ಎಮಿರೇಟ್ಸ್ ಐಡಿಯಲ್ಲಿ ಕಾಣಿಸುತ್ತದೋ ಎಂದು.

ನೋವಿನ ಕ್ಲಿನಿಕ್ಕಿನಲ್ಲಿ ಕೂತಿದ್ದ ನರ್ಸ್ ಲವಿಟಾ ಅವರು ಪೂಜೆಗೆ ಹೋಗುವ ಇಗರ್ಜಿಯದೇ ಹುಡುಗಿ, ಮೂಲ ಕಿನ್ನಿಗೋಳಿ ಕಡೆಯವಳು.

“ಅಂಕಲ್, ನೋವು ಎಷ್ಟುಂಟು? ಸೊನ್ನೆ ಅಂದ್ರೆ ಇಲ್ಲವೇ ಇಲ್ಲ. ಹತ್ತು ಅಂದ್ರೆ ತಡೆಯಲಿಕ್ಕೇ ಆಗುದಿಲ್ಲ.”

“ಈ ನಂಬರ್ ಎಲ್ಲಿಗೆ ಹೋಗ್ತದೆ?”

“ಫೈಲಿಗೆ.”

“ಫೈಲ್ ಎಲ್ಲಿಗೆ ಹೋಗ್ತದೆ?”

“ಡಾಕ್ಟರ್ ಹತ್ರ.”

“ಡಾಕ್ಟರ್ ಎಲ್ಲಿಗೆ ಕಳಿಸ್ತಾರೆ?”

“ಎಲ್ಲಿಗೂ ಇಲ್ಲ ಅಂಕಲ್. ನೋವು ನಿಮ್ಮದು. ಅದನ್ನು ಯಾರು ತಗೊಂಡು ಹೋಗ್ತಾರೆ?”

ಜುವಾಕಿಂ ಸ್ವಲ್ಪ ಹೊತ್ತು ಯೋಚಿಸಿದರು. ಅಷ್ಟರಲ್ಲಿ ಅವರ ಹಣೆಯ ಬೆವರು ಕಾಲರಿಗೆ ಇಳಿದಿತ್ತು.

“ಮೂರು,” ಎಂದರು.

ಹೊರಗೆ ಬೆಂಚಿನ ಮೇಲೆ ಪ್ರಫುಲ್ಲಾ ಕೂತಿದ್ದರು. ಒಂದೇ ಕಟ್ಟಡದಲ್ಲಿ ಹದಿನೆಂಟು ವರ್ಷ ಎದುರುಬದುರು ಬಾಗಿಲಿನ ನೆರೆಯವರು. ಉಡುಪಿ ಕಡೆಯ ತುಳುವರು. ಆರು ವರ್ಷದ ಹಿಂದೆ ಸ್ತನದಲ್ಲಿ ಬಂದು ವಾಸಿಯಾಗಿದೆ ಎಂದಿದ್ದ ಕ್ಯಾನ್ಸರ್ ಈಗ ಸೊಂಟದ ಎಲುಬಿನಲ್ಲಿ ಕಾಣಿಸಿಕೊಂಡಿತ್ತು. ಒಳಗೆ ಎಂತ ಕೇಳುತ್ತಾರೆ ಎಂದು ಅವರು ಕೇಳಿದರು. ಅರ್ಜಿ ಹಿಡಿದು ಬಂದವರಿಗೆ ಇಪ್ಪತ್ತೊಂಬತ್ತು ವರ್ಷ ಹೇಳಿಕೊಟ್ಟವರು ಇಲ್ಲಿ ಮಾತ್ರ ಸುಮ್ಮನಿರುತ್ತಾರೆಯೇ?

“ಮೂರು ಹೇಳಿ ಪ್ರಫುಲ್ಲಕ್ಕ. ಸೊನ್ನೆ ಅಂದ್ರೆ ಸುಳ್ಳು ಅಂತ ಗೊತ್ತಾಗ್ತದೆ. ಐದು ದಾಟಿತೋ, ಫೈಲ್ ಮೇಲೆ ಹೋಗ್ತದೆ. ಮತ್ತೆ ಗಟ್ಟಿ ಮದ್ದು, ಮತ್ತೆ ಅದಕ್ಕೊಂದು ಫಾರ್ಮ್. ಮೂರು ಸೇಫ್.”

ಪ್ರಫುಲ್ಲಾ ಒಳಗೆ ಹೋಗಿ ಮೂರು ಎಂದರು. ಮುಂದಿನ ಸಲವೂ ಮೂರು ಎಂದರು.

*

ಜೆಬೆಲ್ ಅಲಿಯ ಸ್ಮಶಾನಕ್ಕೆ ಹೊರಟ ಬಸ್ಸಿನಲ್ಲಿ ಒಲಿಂಡಾ ಜಪಸರ ಶುರು ಮಾಡಿ, ಹತ್ತು ಮಣಿಗಳ ಎರಡನೇ ಸುತ್ತು ಮುಗಿಯುವ ಹೊತ್ತಿಗೆ ಟ್ರಾಫಿಕ್ ಕಂಡು ನಿಲ್ಲಿಸಿದರು. ಊರಿಗೆ ಯಾಕೆ ಕಳಿಸಲಿಲ್ಲ ಎಂದು ಯಾರೋ ಕೇಳಿದರು.

“ಅವನೇ ಬೇಡ ಅಂದದ್ದು,” ಎಂದರು ಮೊಯ್ದಿನಬ್ಬ. ಟೈಪಿಂಗ್ ಸೆಂಟರಿನ ಮಾಲೀಕರು. ಜುವಾಕಿಂ ಅವರ ವೀಸಾ ರದ್ದತಿಯ ಅರ್ಜಿಯನ್ನು ಸೋಮವಾರ ಜುವಾಕಿಂ ಅವರದೇ ಕುರ್ಚಿಯಲ್ಲಿ ಕೂತು ಟೈಪ್ ಮಾಡಿದವರು. “ಇಷ್ಟು ವರ್ಷ ಸೀಟಿನಲ್ಲಿ ಕೂತು ಹೋದವ ನಾನು, ಕಾರ್ಗೋದಲ್ಲಿ ಹೋಗುದಿಲ್ಲ ಅಂದ. ಮರ್ಯಾದಸ್ಥ ಮಾರಾಯ್ರೆ.”

“ನೋವು ಎಷ್ಟಿತ್ತೋ, ಒಂದು ದಿನ ನರಳಿದ್ದು ಕೇಳಲಿಲ್ಲ,” ಎಂದರು ಪ್ರಫುಲ್ಲಾ ಅವರ ಗಂಡ ಗುಣಪಾಲ. “ಪನಡೋಲ್ ಮಾತ್ರೆ ಬಿಟ್ರೆ ಬೇರೆ ಮುಟ್ಟಲಿಲ್ಲವಂತೆ. ಮಗ ಶೆಲ್ಡನ್ ಹೇಳಿದ. ನಾನು ಇವಳಿಗೂ ಅದೇ ಹೇಳುದು. ಈಗಲೇ ಸ್ಟ್ರಾಂಗ್ ತಗೊಂಡ್ರೆ, ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡುದಿಲ್ಲ.”

“ನೋವನ್ನು ಯೇಸುವಿಗೆ ಒಪ್ಪಿಸಿದ್ರು,” ಎಂದರು ಒಲಿಂಡಾ.

“ನಮ್ಮ ಬಾಪನಿಗೂ ಊರಲ್ಲಿ ಆ ಸ್ಟ್ರಾಂಗ್ ಮದ್ದು ಬರೆದು ಕೊಟ್ಟಿದ್ರು. ನಾವೇ ಬೇಡ ಅಂದದ್ದು,” ಎಂದರು ಮೊಯ್ದಿನಬ್ಬ. “ಅಭ್ಯಾಸ ಆದ್ರೆ ಎಂತ ಮಾಡುದು?”

ಹಿಂದಿನ ಸೀಟಿನಲ್ಲಿ ಕೂತಿದ್ದ ಲವಿಟಾ ಮುಂದೆ ಬಗ್ಗಿದಳು. “ಅವರಿಗೆ ಆಗ ಎಷ್ಟು ಪ್ರಾಯ?”

“ಎಂಬತ್ತೆರಡು.”

“ಎಂಬತ್ತೆರಡರಲ್ಲಿ ಅಭ್ಯಾಸ ಆಗಿದ್ರೆ ಎಂತ ಮಾಡ್ತಿದ್ರು? ರಾತ್ರಿ ಗೋಡೆ ಹಾರಿ ಹೋಗ್ತಿದ್ರಾ?”

ಯಾರೋ ನಕ್ಕರು. ಆಮೇಲೆ, ಇದು ಶವದ ಬಸ್ಸು ಎಂದು ನೆನಪಾಗಿ ಕೆಮ್ಮಿದರು. ಮೊಯ್ದಿನಬ್ಬ ನಗಲಿಲ್ಲ, ಕೆಮ್ಮಲೂ ಇಲ್ಲ. ಕಿಟಕಿಯ ಹೊರಗೆ ನೋಡಿದರು. ಅವರ ತಂದೆ ಕೊನೆಯ ತಿಂಗಳು ಹಾಸಿಗೆಯ ಕಾಲನ್ನು ಹಿಡಿದೇ ಇದ್ದರು.

ವೆರೋನಿಕಾ ಯಾರ ಮಾತಿಗೂ ಕಿವಿಗೊಟ್ಟಂತೆ ಕಾಣಲಿಲ್ಲ. ಅವರು ನೋಡುತ್ತಿದ್ದದ್ದು ಮುಂದಿನ ಸೀಟಿನ ಕಂಬಿಯ ಮೇಲಿದ್ದ ಪ್ರಫುಲ್ಲಾ ಅವರ ಕೈಯನ್ನು. ಮಗಳ ಮನೆಯಲ್ಲಿ ಇರುತ್ತೇನೆಂದು ಅಬುಧಾಬಿಗೆ ಹೋಗಿದ್ದವರು ಒಂದು ತಿಂಗಳಾದ ಮೇಲೆ ಇವತ್ತೇ ಕಂಡದ್ದು. ಬೆನ್ನಿಗೊಂದು ತಲೆದಿಂಬು ಕಟ್ಟಿಕೊಂಡಿದ್ದರು. ಬಸ್ಸು ಪ್ರತಿ ಉಬ್ಬು ಹತ್ತಿದಾಗಲೂ ಆ ಬೆರಳುಗಳ ಗಂಟು ಬೆಳ್ಳಗಾಗುತ್ತಿತ್ತು. ಇಳಿದಾಗ ಮತ್ತೆ ಕೆಂಪಾಗುತ್ತಿತ್ತು. ವೆರೋನಿಕಾ ಆ ಬಿಳುಪನ್ನು ಇದಕ್ಕೆ ಮೊದಲು ಹನ್ನೊಂದು ದಿನ ನೋಡಿದ್ದರು.

“ಹುಷಾರುಂಟಾ ಪ್ರಫುಲ್ಲಾ?”

“ಉಂಟು ವೆರೋನಿಕಕ್ಕ. ಸ್ವಲ್ಪ ಸೊಂಟ, ಅಷ್ಟೆ. ಮೂರು.”

*

ಏಪ್ರಿಲ್ ಇಪ್ಪತ್ತಮೂರಕ್ಕೆ ಡಾಕ್ಟರ್ ಜುವಾಕಿಂ ಅವರ ಮಾತನ್ನು ಕೇಳುವುದು ಬಿಟ್ಟು ಅವರ ಮುಖವನ್ನು ನೋಡಿ ಮದ್ದು ಬರೆದರು. ಚೀಟಿಯೇ ಬೇರೆ ಬಗೆಯದು: ಮೂರು ಬಣ್ಣದ ಪ್ರತಿಗಳು, ಎರಡು ಮೊಹರು, ಐಡಿ ನಂಬರು, ಕೆಳಗೆ ಉಳಿದದ್ದನ್ನು ವಾಪಸ್ ಮಾಡಬೇಕೆಂಬ ಸೂಚನೆ. ಜುವಾಕಿಂ ಅದನ್ನು ವೃತ್ತಿಯವರ ಕಣ್ಣಿನಿಂದ ಓದಿ, ಮೆಚ್ಚಿ, ಹೆದರಿದರು.

“ಇದು ಗಸಗಸೆಯ ಅಪ್ಪ, ಗೊತ್ತುಂಟಾ? ಎರಡು ಚಮಚಕ್ಕೆ ಮೂರು ಫ್ಲಶ್ ಮಾಡಿದವ ನಾನು. ಈಗ ಸರ್ಕಾರವೇ ಬಾಟಲಿ ಕೊಡ್ತದೆ.”

ವೆರೋನಿಕಾ ಶೆಲ್ಡನ್‌ಗೆ ಫೋನ್ ಮಾಡಿದರು. ಮಗ ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಎಲ್ಲವನ್ನೂ ಕೂಡಲೇ ಹುಡುಕಿ ಓದುವವನು, ಓದಿದ್ದರಲ್ಲಿ ಅರ್ಧ ನೆನಪಿಡುವವನು.

“ಮಾರ್ಫಿನಾ? ಮಮ್ಮಿ, ನೋ. ದಟ್ಸ್ ಫಾರ್ ದ ಎಂಡ್. ಅದು ಶುರು ಮಾಡಿದ್ರೆ ಮತ್ತೆ ಮುಗೀತು ಅಂತ ಅರ್ಥ. ಡ್ಯಾಡಿ ಅಷ್ಟು ಸೀರಿಯಸ್ ಇಲ್ಲ ಅಲ್ವಾ? ಮೂರು ಅಂತಾರೆ ಅಲ್ವಾ?”

ಅಲ್ವಾ ಎಂದು ಕೇಳಿದವರಿಗೆ ಅಲ್ಲ ಎನ್ನುವುದು ವೆರೋನಿಕಾ ಅವರಿಗೆ ಬಾರದ ವಿದ್ಯೆ. ಬಾಟಲಿಯನ್ನು ಹೊಲಿಗೆ ಮಷೀನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಬಾಟಲಿ ಮುಚ್ಚಿರುವಷ್ಟು ದಿನ ಗಂಡ ಮುಗಿದಿಲ್ಲ ಎಂಬುದು ಅವರ ಲೆಕ್ಕ. ಬೀಗದ ಕೈಯನ್ನು ತಾಳಿಯ ಸರಕ್ಕೆ ಕಟ್ಟಿಕೊಂಡರು.

ಅದು ಹನ್ನೊಂದು ದಿನ. ಜುವಾಕಿಂ ಮಂಚಕ್ಕೆ ಹೋಗುವುದು ಬಿಟ್ಟರು; ಊಟದ ಮೇಜಿನ ಅಂಚಿಗೆ ಹಣೆಯಿಟ್ಟು ಕುರ್ಚಿಯಲ್ಲೇ ಕೂತಿರುತ್ತಿದ್ದರು. ಮಾತು ನಿಂತಿತು. ಟಿವಿ ಬೇಡ, ಪತ್ರಿಕೆ ಬೇಡ. ಬಂದವರ ಮುಂದೆ ಮಾತ್ರ ನೆಟ್ಟಗಾಗುತ್ತಿದ್ದರು. ಶುಕ್ರವಾರ ಶೆಲ್ಡನ್ ಬಂದಾಗ ಶೇವ್ ಮಾಡಿ, ಕಾಲರಿನ ಶರ್ಟು ಹಾಕಿ, ಮೇಜನ್ನು ಎರಡೂ ಕೈಯಲ್ಲಿ ಹಿಡಿದು ನಲವತ್ತು ನಿಮಿಷ ಶಾಲೆಯ ವಿಷಯ ಕೇಳಿದರು. ಮಗ ಲಿಫ್ಟಿನಲ್ಲಿ ಇಳಿದ ಸದ್ದು ಕೇಳಿದ ಮೇಲೆ ಅಲ್ಲೇ ವಾಂತಿ ಮಾಡಿದರು.

ಹನ್ನೆರಡನೆಯ ದಿನ ಬೆಳಿಗ್ಗೆ ಲವಿಟಾ ಫೋನ್ ಮಾಡಿ, ಮದ್ದು ಹೇಗೆ ಹಿಡಿಸಿತು, ಹೊಟ್ಟೆ ಕಟ್ಟಿತಾ ಎಂದು ಕೇಳಿದಳು. ವೆರೋನಿಕಾ ಇನ್ನೂ ಕೊಟ್ಟಿಲ್ಲ ಎಂದರು. ಅರ್ಧ ಗಂಟೆಯಲ್ಲಿ ಹುಡುಗಿ ಯೂನಿಫಾರಂನಲ್ಲೇ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆಂದು ವೆರೋನಿಕಾ ಕಾದರು. ಅವಳು ಬೈಯದೆ ಚಪ್ಪಲಿ ಬಿಚ್ಚಿಟ್ಟು ಜುವಾಕಿಂ ಅವರ ಪಕ್ಕದ ಕುರ್ಚಿಯಲ್ಲಿ ಕೂತಳು.

“ಅಂಕಲ್, ಇದು ಕೊನೆಯ ಮದ್ದು ಅಲ್ಲ. ನೋವಿನ ಮದ್ದು. ನೋವು ಇದ್ದವರಿಗೆ ಕೊಡುದು, ಅಷ್ಟೆ. ಇದನ್ನು ತಗೊಂಡು ವರ್ಷಗಟ್ಟಲೆ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಇದ್ದಾರೆ. ಸಾಲದಿದ್ರೆ ಡಾಕ್ಟರ್ ಜಾಸ್ತಿ ಮಾಡ್ತಾರೆ. ಉಳಿಸಿ ಇಡಲಿಕ್ಕೆ ಇದು ಮದುವೆಯ ಸೀರೆಯಾ?”

“ಫೈಲು?” ಎಂದರು ಜುವಾಕಿಂ, ಮೇಜಿನ ಅಂಚಿನಿಂದ ಹಣೆ ಎತ್ತದೆ.

“ವೀಸಾ ಆಫೀಸಿನವರಿಗೆ ನಿಮ್ಮ ಹೊಟ್ಟೆನೋವು ಓದಲಿಕ್ಕೆ ಪುರುಸೊತ್ತಿಲ್ಲ ಅಂಕಲ್. ಸೀಲ್ ಇದ್ದ ಚೀಟಿ ಉಂಟು, ನಿಮ್ಮ ಹೆಸರಲ್ಲಿ ಉಂಟು. ಇದಕ್ಕಿಂತ ಸರಿಯಾದ ಪೇಪರ್ ನಿಮ್ಮ ಸೆಂಟರಿನಲ್ಲೂ ಇಲ್ಲ.”

ಅವರಿಗೆ ನಾಟಿದ್ದು ಈ ಕೊನೆಯ ವಾದವಿರಬೇಕು. ವೆರೋನಿಕಾ ಸರದಿಂದ ಬೀಗದ ಕೈ ಬಿಚ್ಚಿದರು. ಒಂದು ಚಮಚೆ, ಬೆಳಗಿನ ಹನ್ನೊಂದು ಗಂಟೆಗೆ. ಆ ದಿನವೂ ಮರುದಿನವೂ ಜುವಾಕಿಂ ಹೆಚ್ಚಾಗಿ ನಿದ್ದೆಯಲ್ಲೇ ಇದ್ದರು. ಲವಿಟಾ ಹಾಗಾಗುತ್ತದೆಂದು ಮೊದಲೇ ಹೇಳಿದ್ದಳು. ನಾಲ್ಕು ಗಂಟೆಗೊಮ್ಮೆ ವೆರೋನಿಕಾ ಅಲಾರಂ ಇಟ್ಟು ಎಬ್ಬಿಸಿದರು. ಮೂರನೆಯ ದಿನ ಅವರು ತಾವಾಗಿ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ವೆರಾ, ಮೊನ್ನೆವರೆಗೆ ಒಂಬತ್ತು ಇತ್ತು.”

“ಈಗ?”

“ಈಗ ಮೂರು,” ಎಂದು, ಅರ್ಜಿಯೊಂದನ್ನು ಕಡೆಗೂ ಸರಿಯಾಗಿ ತುಂಬಿಸಿದವರ ಹಾಗೆ ಮುಖ ಮಾಡಿದರು. “ಮೀನು ಉಂಟಾ?”

ಮದ್ದಿನಿಂದ ತೊಂದರೆಯೇ ಆಗಲಿಲ್ಲ ಎನ್ನುವಂತಿಲ್ಲ. ಹೊಟ್ಟೆ ಕಟ್ಟಿತು. ನೋವಿಗೆ ಮೂರಕ್ಕಿಂತ ಹೆಚ್ಚು ಕೊಡದ ಮನುಷ್ಯ ಮಲಬದ್ಧತೆಗೆ ಕೇಳದೆಯೇ ಒಂಬತ್ತು ಕೊಟ್ಟು, ಅದನ್ನು ಫೈಲಿನಲ್ಲಿ ಬರೆದುಕೊಳ್ಳುವಂತೆ ಲವಿಟಾಳಿಗೆ ಎರಡೆರಡು ಸಲ ಫೋನ್ ಮಾಡಿದರು. ಅದಕ್ಕೂ ಮದ್ದು ಬಂತು.

ಮದ್ದು ಶುರುವಾದ ದಿನದಿಂದ ಹತ್ತೊಂಬತ್ತು ದಿನ ಅವರು ಇದ್ದರು. ಕ್ಷೌರದಂಗಡಿಗೆ ಹೋದರು. ಬಂಗುಡೆ ತಿಂದರು, ಉಪ್ಪು ಕಮ್ಮಿ ಎಂದರು. ಮನೆಯ ಕಾಗದಪತ್ರಗಳನ್ನೆಲ್ಲ ಜೋಡಿಸಿ ವೆರೋನಿಕಾ ಅವರಿಗೆ ಪಾಠ ಮಾಡಿದರು. ಮಾರ್ಫಿನ್ ಶುರು ಮಾಡಿದ್ದನ್ನು ಶೆಲ್ಡನ್‌ಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಮುಗೀತು ಎಂದುಕೊಂಡು ಅವನು ಫೋನಿನಲ್ಲೇ ಅಳುತ್ತಾನೆ ಎಂದು ವೆರೋನಿಕಾ, ಶಾಲೆಗೆ ರಜೆ ಹಾಕುತ್ತಾನೆ ಎಂದು ಜುವಾಕಿಂ.

ಪ್ರಫುಲ್ಲಾ ಅವರ ವಿಷಯ ಬಂದದ್ದು ಕೊನೆಯ ವಾರದಲ್ಲಿ.

“ಅವಳಿಗೆ ನಾನು ಫಾರ್ಮ್ ತಪ್ಪು ತುಂಬಿಸಿ ಕೊಟ್ಟಿದ್ದೇನೆ ವೆರಾ. ಮೂರು ಅಂತ. ಅವಳದ್ದು ಮೂರು ಅಲ್ಲ, ನನಗೆ ಆಗಲೇ ಗೊತ್ತಿತ್ತು. ಲಿಫ್ಟಿನಲ್ಲಿ ಗೋಡೆ ಹಿಡಿದು ನಿಲ್ತಿದ್ಲು.”

“ಫೋನ್ ಮಾಡಿ ಹೇಳಿ.”

“ಮಾಡಿದೆ. ಗುಣಪಾಲ ಎತ್ತಿದ. ಅವಳು ಆರಾಮ ಇದ್ದಾಳೆ, ಮೂರೇ ಉಂಟು ಅಂದ.” ಜೋಡಿಸಿಟ್ಟ ಕಾಗದಗಳ ಅಂಚನ್ನು ಮತ್ತೊಮ್ಮೆ ಸರಿಮಾಡಿದರು. “ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಅರ್ಜಿ ವಾಪಸ್ ಬಂದದ್ದಿಲ್ಲ. ನೀನು ಎದುರು ಕೂತು ಹೇಳು. ಸರಿ ಮಾಡಿಸು.”

*

ಸ್ಮಶಾನದಲ್ಲಿ ಮರಳು ಬಿಸಿಯಾಗಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಶೆಲ್ಡನ್ ಜೇಬಿನಿಂದ ಕಾಗದ ತೆಗೆದ. ಅರ್ಧ ಇಂಗ್ಲಿಷ್, ಉಳಿದದ್ದು ಎಲ್ಲರಿಗೂ ತಿಳಿಯಲೆಂದು ಕನ್ನಡ. ತಂದೆಯ ಪ್ರಾಮಾಣಿಕತೆ, ಟೈ, ಗಸಗಸೆ. ಗಸಗಸೆಗೆ ಜನ ಕಣ್ಣೊರೆಸಿಕೊಂಡೇ ನಕ್ಕರು. ಆಮೇಲೆ ಅವನು ಕಾಗದದ ಮಗ್ಗುಲು ತಿರುಗಿಸಿದ.

“ಡ್ಯಾಡಿ ನೋವನ್ನು ಗೆದ್ದರು. ಡಾಕ್ಟರ್ ಬರೆದ ಮಾರ್ಫಿನ್ ಅನ್ನು ಅವರು ಮುಟ್ಟಲಿಲ್ಲ. ಹಿ ನೆವರ್ ಗೇವ್ ಅಪ್. ಕೊನೆಯವರೆಗೂ ಅವರು ಹೇಳಿದ್ದು, ಮೂರು.”

ಜನ ತಲೆದೂಗಿದರು. ಗುಣಪಾಲ ಹೆಂಡತಿಯ ಕಡೆಗೆ ತಿರುಗಿ, ಕೇಳಿದೆಯಲ್ಲ ಎಂಬಂತೆ ಮೆಚ್ಚುಗೆಯಿಂದ ನೋಡಿದರು. ಪ್ರಫುಲ್ಲಾ ತಲೆಯಾಡಿಸಿದರು. ಅವರ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಕೈ ಹಿಡಿದುಕೊಳ್ಳಲು ಗೋಡೆಯೋ ಕಂಬಿಯೋ ಹತ್ತಿರ ಇರಲಿಲ್ಲ. ಅವರು ತಮ್ಮ ಸೆರಗನ್ನೇ ಹಿಡಿದಿದ್ದರು.

ಎಲ್ಲರೂ ಒಂದೊಂದು ಹಿಡಿ ಮರಳು ಹಾಕಲು ಸಾಲಾದರು. ಮೊದಲ ಹಿಡಿ ವಿಧವೆಯದು. ವೆರೋನಿಕಾ ಮರಳು ಎತ್ತಿಕೊಳ್ಳದೆ ಬ್ಯಾಗಿನ ಜಿಪ್ಪು ಎಳೆದರು. ಒಲಿಂಡಾ ಕುತ್ತಿಗೆ ಚಾಚಿದರು.

ಬಾಟಲಿ ಬಿಸಿಲಿಗೆ ಬಂತು.

“ಇದು ಮಾರ್ಫಿನ್,” ಎಂದರು ವೆರೋನಿಕಾ. “ಇವರು ತಗೊಂಡದ್ದು. ನಾನು ಕೊಟ್ಟದ್ದು. ಹತ್ತೊಂಬತ್ತು ದಿನ.”

“ಮಮ್ಮಿ, ನಾಟ್ ನೌ,” ಎಂದ ಶೆಲ್ಡನ್.

“ಈಗಲೇ ಪುತಾ. ನಾಳೆ ಇವರೆಲ್ಲ ಕೆಲಸಕ್ಕೆ ಹೋಗ್ತಾರೆ.” ಅವರು ಮಾತಾಡುತ್ತಿದ್ದದ್ದು ಎಲ್ಲರೊಂದಿಗೆ, ನೋಡುತ್ತಿದ್ದದ್ದು ಪ್ರಫುಲ್ಲಾ ಅವರನ್ನು. “ಮೂರು ಅಂತ ಇವರು ಹೇಳಿದ್ದು ಸುಳ್ಳು. ಒಂಬತ್ತು ಇತ್ತು. ಫೈಲಿಗೆ ಹೆದರಿ ಮೂರು ಅಂದ್ರು. ನಿನಗೂ ಮೂರು ಅಂತ ಹೇಳಿಕೊಟ್ರು ಅಲ್ವಾ ಪ್ರಫುಲ್ಲಾ? ಅದು ತಪ್ಪು ಅಂತ ಹೇಳಲಿಕ್ಕೆ ನನಗೆ ಹೇಳಿ ಹೋಗಿದ್ದಾರೆ. ಅವರ ಕೈಯಿಂದ ಆದ ತಪ್ಪು. ನಾನು ಅದನ್ನು ಇಲ್ಲಿ ಹೇಳಿ ಮುಗಿಸ್ತೇನೆ, ಅವರ ಎದುರೇ.”

ಗುಣಪಾಲ ಗಂಟಲು ಸರಿಮಾಡಿಕೊಂಡರು. “ಅದಲ್ಲ ಬಾಯಮ್ಮ. ಅದು ಶುರು ಮಾಡಿದ ಮೇಲೆ ಬರೀ ಹತ್ತೊಂಬತ್ತು ದಿನ...”

ಇದೇ ಪ್ರಶ್ನೆ ವೆರೋನಿಕಾ ಅವರನ್ನು ಎರಡು ದಿನದಿಂದ ನಿದ್ದೆಗೆ ಬಿಟ್ಟಿರಲಿಲ್ಲ. ಜುವಾಕಿಂ ಹೋದದ್ದು ಭಾನುವಾರ ಮಧ್ಯಾಹ್ನ ಒಂದಕ್ಕೆ. ಹನ್ನೊಂದರ ಚಮಚೆ ಕೊಟ್ಟದ್ದು ವೆರೋನಿಕಾ ಅವರೇ. ಅವರು ಲವಿಟಾಳ ಕಡೆ ತಿರುಗಿದರು. ಕೇಳಿದಾಗ ದನಿ ಸಣ್ಣದಾಗಿತ್ತು.

“ಕಡೆಯದ್ದು ನಾನು ಕೊಟ್ಟದ್ದು. ಅದರಿಂದ ಹೋದ್ರಾ?”

“ಅದಕ್ಕಿಂತ ಮೊದಲಿನ ನೂರು ಚಮಚೆಯೂ ನೀವೇ ಕೊಟ್ಟದ್ದು ಆಂಟಿ,” ಎಂದಳು ಲವಿಟಾ. “ಅಷ್ಟೇ ಅಳತೆ. ಆ ನೂರು ಚಮಚೆಗೆ ಅವರು ಎದ್ದು ಬಂಗುಡೆ ತಿಂದ್ರು. ಒಂದು ಚಮಚೆ ಮಾತ್ರ ಕೊಲ್ಲಲಿಕ್ಕೆ ಹೇಗೆ ಕಲಿತದೆ? ಅವರು ಹೋದದ್ದು ಕ್ಯಾನ್ಸರಿನಿಂದ. ಮದ್ದು ಇಲ್ಲದಿದ್ರೂ ಹೋಗ್ತಿದ್ರು. ಮೇಜಿಗೆ ಹಣೆ ಇಟ್ಟು ಹೋಗ್ತಿದ್ರು.”

ವೆರೋನಿಕಾ ಗುಣಪಾಲರಿಗೆ ಹೇಳಿದರು, “ಹತ್ತೊಂಬತ್ತು ದಿನ ನನಗೆ ಕಮ್ಮಿ ಅಲ್ಲ. ಅದಕ್ಕೆ ಮೊದಲು ನಾನು ಬೀಗ ಹಾಕಿ ಇಟ್ಟ ಹನ್ನೊಂದು ದಿನ ಉಂಟಲ್ಲ, ಅದು ಕಮ್ಮಿ ಆದದ್ದು. ಅದನ್ನು ಯಾರ ಹತ್ರ ವಾಪಸ್ ಕೇಳುದು?”

ಪಕ್ಕದ ರಸ್ತೆಯಲ್ಲಿ ಟ್ರಕ್ಕುಗಳು ಹೋಗುತ್ತಿದ್ದವು. ಪಾದ್ರಿ ಗಡಿಯಾರ ನೋಡದಿರಲು ಪ್ರಯತ್ನಿಸಿದರು. ಮೊಯ್ದಿನಬ್ಬ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

ಪ್ರಫುಲ್ಲಾ ಮೊದಲು ಗಂಡನನ್ನು ನೋಡಿದರು, ಆಮೇಲೆ ಗುಂಡಿಯನ್ನು. “ಕೂರಲಿಕ್ಕೆ ಎಂತಾದ್ರೂ ಉಂಟಾ?” ಎಂದು ಕೇಳಿದರು. ಹದಿನೆಂಟು ವರ್ಷದಲ್ಲಿ ಅವರು ಯಾರಲ್ಲಾದರೂ ಏನನ್ನಾದರೂ ಕೇಳಿದ್ದನ್ನು ವೆರೋನಿಕಾ ಕಂಡದ್ದು ಅದೇ ಮೊದಲು. ಒಲಿಂಡಾ ಹೋಗಿ ಪಾದ್ರಿಗೆಂದು ತಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಬಂದರು.

ವೆರೋನಿಕಾ ಬಾಟಲಿಯನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಒಲಿಂಡಾರ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಮರಳು ಎತ್ತಿಕೊಂಡರು.

*

ಆಸ್ಪತ್ರೆಗೆ ಶೆಲ್ಡನ್ ಕಾರು ಓಡಿಸಿದ. ಪಕ್ಕದಲ್ಲಿ ತಾಯಿ, ಹಿಂದೆ ಗುಣಪಾಲ, ಲವಿಟಾ, ನಡುವೆ ತಲೆದಿಂಬಿನೊಂದಿಗೆ ಪ್ರಫುಲ್ಲಾ.

“ಆ ಫ್ರೈಡೇ ನಾನು ಬಂದಾಗ,” ಎಂದ ಶೆಲ್ಡನ್, ರಸ್ತೆಯಿಂದ ಕಣ್ಣು ತೆಗೆಯದೆ. “ಎಷ್ಟಿತ್ತು?”

“ಒಂಬತ್ತು.”

“ಟೈಮ್‌ಟೇಬಲ್ ಬಗ್ಗೆ ಕೇಳಿದ್ರು ನನ್ನ ಹತ್ರ. ಫಾರ್ಟಿ ಮಿನಿಟ್ಸ್.”

“ಹ್ಞೂಂ.”

ಮುಂದೆ ಉಬ್ಬು ಬಂತು. ಅವನು ಬ್ರೇಕ್ ಒತ್ತಿ, ಕಾರನ್ನು ನಡೆಯುವ ವೇಗಕ್ಕೆ ಇಳಿಸಿ, ಮುಂದಿನ ಚಕ್ರ ಹತ್ತಿಸಿ, ಹಿಂದಿನ ಚಕ್ರ ಹತ್ತಿಸಿದ. ಹಿಂದೆ ಬಂದ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಶೆಲ್ಡನ್ ಮುಂದಿನ ಉಬ್ಬನ್ನೂ ಹಾಗೆಯೇ ದಾಟಿಸಿದ.

ಫಾರ್ಮಸಿಯವನು ಬಾಟಲಿಯ ಲೇಬಲ್ ಓದಿ, ಉಳಿದದ್ದನ್ನು ಅಳೆದು, ರಿಜಿಸ್ಟರಿನಲ್ಲಿ ಬರೆದು ವೆರೋನಿಕಾ ಅವರ ಸಹಿ ತೆಗೆದುಕೊಂಡ. ಕಾರಣ ಎಂಬ ಖಾನೆಯಲ್ಲಿ ಎಂತ ಬರೆಯಬೇಕೆಂದು ಅವರು ಕೇಳಿದರು. ಖಾಲಿ ಬಿಟ್ಟರೂ ನಡೆಯುತ್ತದೆ ಎಂದ. ಅವರು ಖಾಲಿ ಬಿಡಲಿಲ್ಲ. ಪೇಷಂಟ್ ತೀರಿಕೊಂಡರು ಎಂದು ಪೂರ್ತಿ ಬರೆದರು.

ನೋವಿನ ಕ್ಲಿನಿಕ್ಕಿನಲ್ಲಿ ಲವಿಟಾ ಕಪ್ಪು ಸೀರೆಯ ಮೇಲೆಯೇ ಬಿಳಿ ಕೋಟು ಹಾಕಿಕೊಂಡು ಕೂತು ಫೈಲು ತೆರೆದಳು. ಗುಣಪಾಲ ಏನೋ ಹೇಳಲು ಬಾಯಿ ತೆರೆದವರು, ವೆರೋನಿಕಾ ಬಾಗಿಲಲ್ಲಿ ನಿಂತಿರುವುದನ್ನು ಕಂಡು ಮುಚ್ಚಿದರು.

“ಪ್ರಫುಲ್ಲಾ ಆಂಟಿ, ನೋವು ಎಷ್ಟುಂಟು? ಹತ್ತರಲ್ಲಿ?”

ಪ್ರಫುಲ್ಲಾ ಎಂಟು ಎಂದರು. ಲವಿಟಾ ಎಂಟು ಎಂದು ಬರೆದಳು.